ಮುಗೀತು ಅಂದ ಮೇಲಿನ ಫೋಟೋ

ಜನವರಿ ಹದಿನೆಂಟು, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತೆ. ಊರು ಮಡಕಶಿರ.

ಅಕ್ಕನ ಮಗನಿಗೆಂದು ನಿನ್ನೆ ತಂದ ಜೀನ್ಸ್ ಪ್ಯಾಂಟನ್ನು ಒಂದು ಸಲ ನೀರಿಗೆ ಅದ್ದಿ ಒಣಗಿಸೋಣವೆಂದು ಜೇಬುಗಳನ್ನು ಒಳಹೊರಗು ಮಾಡುತ್ತಿದ್ದೆ. ಬಲಗಡೆ ಒಂದು ಪುಟ್ಟ ಜೇಬಿರುತ್ತದಲ್ಲ, ಯಾರೂ ಏನೂ ಇಡದ ಜೇಬು, ಅದರೊಳಗೆ ಬೆರಳಿಗೆ ಏನೋ ತಾಕಿತು. ತೆಗೆದರೆ ಕಲ್ಲು. ಕಡಲೆಕಾಯಿ ಬೀಜದಷ್ಟು ಗಾತ್ರ, ಬೂದಿ ಬಣ್ಣ, ಮೈತುಂಬ ತೂತು. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಮೂಸಿ ನೋಡಿದೆ. ಒದ್ದೆ ಬಟ್ಟೆ, ನೀಲಿ ಬಣ್ಣ, ಬ್ಲೀಚಿಂಗ್ ಪುಡಿ ಮೂರೂ ಕಲೆತ ವಾಸನೆ... ನಮ್ಮಮ್ಮನ ಕೈಯ ವಾಸನೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹೊಸ ಜೀನ್ಸ್ ಪ್ಯಾಂಟು ಹಳೆಯದರಂತೆ ಮಾಸಲಾಗಿ ಕಾಣಬೇಕೆಂದರೆ ಅದನ್ನು ಇಂಥ ಕಲ್ಲುಗಳ ಜೊತೆ ದೊಡ್ಡ ಮಿಷಿನ್ನಿಗೆ ಹಾಕಿ ತಿರುಗಿಸುತ್ತಾರೆ. ಹೊರಗೆ ತೆಗೆದಾಗ ಜೇಬುಗಳ ತುಂಬ ಕಲ್ಲು ಸಿಕ್ಕಿಕೊಂಡಿರುತ್ತದೆ. ಒಂದೊಂದು ಜೇಬಿಗೂ ಕೈ ಹಾಕಿ ಆ ಕಲ್ಲು ತೆಗೆಯಲು ಹೆಂಗಸರನ್ನು ಇಟ್ಟುಕೊಂಡಿರುತ್ತಾರೆ. ಆಗ ನಾವಿದ್ದದ್ದು ತೆಲುಗು ನಾಡಿನ ಗಡಿ ಊರು ರಾಯದುರ್ಗದಲ್ಲಿ. ಅಲ್ಲಿ ಊರಾಚೆಯ ಒಂದು ವಾಷಿಂಗ್ ಯೂನಿಟ್ಟಿನಲ್ಲಿ ನಮ್ಮಮ್ಮ ಮಾಡುತ್ತಿದ್ದದ್ದು ಅದೇ ಕೆಲಸ. ಏನು ಕೆಲಸ ಮಾಡ್ತೀರಿ ಎಂದು ಯಾರಾದರೂ ಕೇಳಿದರೆ ಅಮ್ಮ ‘ಕಲ್ಲಿನ ಕೆಲಸ’ ಅನ್ನುತ್ತಿದ್ದಳು.

ಹಾಗಾಗಿ ಈ ಕಲ್ಲು ನೋಡಿ ನನಗೆ ಅಮ್ಮ ನೆನಪಾದದ್ದು ಸಹಜ. ಆದರೆ ಅಮ್ಮನ ಹಿಂದೆಯೇ ಮೊಪೆಡ್ಡನ್ನು ಕಾಲಿನಿಂದ ತಳ್ಳಿಕೊಂಡು ಇನ್ನೊಬ್ಬರು ಬಂದು ನಿಂತರು. ನಾವು ಅವರನ್ನು ಪೇಪರ್ ಮಾಮ ಅನ್ನುತ್ತಿದ್ದೆವು.

ಸಂಬಂಧದಲ್ಲಿ ಏನೂ ಆಗಬೇಕಾಗಿರಲಿಲ್ಲ. ಅವರು ಅಮ್ಮನಿಗೆ ಅಕ್ಕಾ ಅನ್ನುತ್ತಿದ್ದರು, ಹಾಗಾಗಿ ಅಕ್ಕನಿಗೂ ನನಗೂ ಮಾಮ. ಎರಡು ಮನೆ ಆಚೆ ಬಾಡಿಗೆಗಿದ್ದರು. ಒಂದು ತೆಲುಗು ಪತ್ರಿಕೆಯ ಜಿಲ್ಲಾ ಪುಟಗಳಿಗೆ ನಮ್ಮೂರಿನಿಂದ ಫೋಟೋ ಕಳಿಸುವುದು ಅವರ ಕೆಲಸ. ತೆಳ್ಳಗೆ, ಉದ್ದಕ್ಕೆ, ಸ್ವಲ್ಪ ಮುಂದಕ್ಕೆ ಬಾಗಿದಂತೆ ಇದ್ದರು. ಅಂಗಿಯ ಜೇಬಿನಲ್ಲಿ ಖಾಲಿ ರೀಲಿನ ಡಬ್ಬಿ, ಅದರಲ್ಲಿ ಅಡಿಕೆ ಪುಡಿ. ಕ್ಯಾಮೆರಾದ ಚೀಲವನ್ನು ಯಾರೋ ಟೈಲರ್ ಕೈಯಲ್ಲಿ ಜೀನ್ಸ್ ತುಂಡಿನಿಂದ ಹೊಲಿಸಿಕೊಂಡಿದ್ದರು. ಅದಕ್ಕೆ ಹಿಂಜೇಬು ಕೂಡ ಇತ್ತು. ತೆಗೆದ ರೀಲನ್ನು ಸ್ಟುಡಿಯೋದಲ್ಲಿ ತೊಳೆಸಿ, ಕಾಪಿ ಹಾಕಿಸಿ, ಹಿಂದೆ ಎರಡು ಸಾಲು ತೆಲುಗಿನಲ್ಲಿ ಬರೆದು, ಕವರಿಗೆ ಹಾಕಿ ಸಂಜೆಯ ಅನಂತಪುರದ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದರು. ಬಸ್ಸು ಹೊರಟ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದರು, ಮಗಳನ್ನು ಗಂಡನ ಮನೆಗೆ ಕಳಿಸಿದವರ ಹಾಗೆ.

ನನಗೆ ದಿನಚರಿ ಬರೆಯುವ ಅಭ್ಯಾಸ ಹತ್ತಿದ್ದು ಅವರಿಂದ. ಪತ್ರಿಕೆಯವರು ಕೊಟ್ಟ ಡೈರಿಯನ್ನು ನನಗೆ ಕೊಟ್ಟು, ತಾರೀಖು, ಊರು, ಯಾರ್‍ಯಾರು, ಎಡದಿಂದ ಬಲಕ್ಕೆ, ಇಷ್ಟು ಬರೆದರೆ ಸಾಕು, ಉಳಿದದ್ದು ಮುಂದೆ ಯಾವತ್ತಾದರೂ ನೆನಪಾಗುತ್ತದೆ ಎಂದಿದ್ದರು. ಇವತ್ತಿಗೂ ನಾನು ಹಾಗೆಯೇ ಬರೆಯುವುದು. ಮದುವೆ ಮನೆಗೆ ಹೋಗಿ ಬಂದರೂ ಎಡದಿಂದ ಬಲಕ್ಕೆ ಯಾರ ಪಕ್ಕ ಯಾರು ಊಟಕ್ಕೆ ಕೂತಿದ್ದರೆಂದು ಬರೆದಿರುತ್ತದೆ. ಅಕ್ಕ ಓದಿ ನಗುತ್ತಾಳೆ.

ಅವರ ಫೋಟೋ ತೆಗೆಯುವ ರೀತಿ ಊರಿಗೇ ಗೊತ್ತಿದ್ದ ಗುಟ್ಟು. ನಮ್ಮ ಕಡೆ ಕ್ಯಾಮೆರಾ ಕಂಡರೆ ಜನ ಮಾಡುತ್ತಿದ್ದ ಕೆಲಸ ಬಿಟ್ಟು, ಮುಖ ಒರೆಸಿಕೊಂಡು, ಕೈ ಎರಡೂ ಪಕ್ಕಕ್ಕಿಟ್ಟು, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ನಿಂತುಬಿಡುತ್ತಿದ್ದರು. ಮಾಮ ಬೇಡ ಅನ್ನುತ್ತಿರಲಿಲ್ಲ. ಕ್ಯಾಮೆರಾ ಎತ್ತಿ, ಕಣ್ಣಿಗಿಟ್ಟು, ಸುಮ್ಮನೆ ಇಳಿಸಿ, “ಆಯ್ತ್ರಿ, ಮುಗೀತು. ನಿಮ್ಮ ಕೆಲಸ ನೋಡ್ಕೊಳ್ರಿ” ಅನ್ನುತ್ತಿದ್ದರು. ಜನ ಉಸಿರು ಬಿಟ್ಟು, ಹೆಗಲು ಇಳಿಸಿ, ಪಕ್ಕದವರಿಗೆ ಏನೋ ಒಂದು ಹೇಳಿ ಕೆಲಸಕ್ಕೆ ತಿರುಗುತ್ತಿದ್ದರು. ಆಗ ಕ್ಲಿಕ್ ಅನ್ನುತ್ತಿತ್ತು. ಪತ್ರಿಕೆಯಲ್ಲಿ ಬರುತ್ತಿದ್ದ ಅವರ ಒಳ್ಳೆಯ ಫೋಟೋಗಳೆಲ್ಲ ಮುಗೀತು ಅಂದ ಮೇಲೆ ತೆಗೆದವು.

ಆ ವರ್ಷಗಳಲ್ಲಿ ನಮ್ಮ ಊರು ಕೇರಿಯ ಜನ ಬಸ್ಸು ಬಸ್ಸು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದರು. ನಮ್ಮಪ್ಪನೂ ಅಲ್ಲೇ ಇದ್ದ, ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ. ಪ್ರತಿ ಬೇಸಿಗೆಗೂ ಅನಂತಪುರದಿಂದ ಮಾಮನಿಗೆ ಒಂದೇ ಮಾತು: ಬೀಗ ಹಾಕಿದ ಮನೆ, ಮುಂದೆ ಒಬ್ಬಳು ಮುದುಕಿ, ಅಂಥ ಫೋಟೋ ಬೇಕು. ಬೇರೊಂದು ಪತ್ರಿಕೆಯಾತ ಅದನ್ನು ತೆಗೆದೂಬಿಟ್ಟ. ಅದು ಅಚ್ಚಾದ ದಿನ ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಯಾಕೆಂದರೆ ಮುದುಕಿ ಹಿಂದಿನ ಬೀದಿಯವಳು, ಮನೆಯವರು ಹಿಟ್ಟಿನ ಗಿರಣಿಗೆ ಹೋಗಿದ್ದರಷ್ಟೆ. ಮಾಮ ಮಾತ್ರ ಆ ವಾರ ಬಸ್ಸಿನ ಟಾಪಿನ ಮೇಲೆ ಗೋಣಿ ಸುತ್ತಿ ಕಟ್ಟಿದ ಹೊಲಿಗೆ ಮಿಷಿನ್ನುಗಳ ಫೋಟೋ ಕಳಿಸಿದರು. ಅದು ಮೂಲೆಯಲ್ಲಿ, ಅಂಚೆ ಚೀಟಿಯಷ್ಟು ಚಿಕ್ಕದಾಗಿ ಬಂತು. ಯಾರ ಕಣ್ಣಿಗೂ ಬೀಳಲಿಲ್ಲ. ಅದರಲ್ಲಿ ಎಡದಿಂದ ಮೂರನೆಯದು ನಮ್ಮ ಎದುರುಮನೆಯವರ ಮಿಷಿನ್ನು, ಗೋಣಿಯ ಹಸಿರು ಗೆರೆಯಿಂದ ಗುರುತು ಹಿಡಿದೆ...

ನಾನು ಎಂಟನೇ ತರಗತಿಯಲ್ಲಿದ್ದಾಗ ಮಾಮ ವಾಷಿಂಗ್ ಯೂನಿಟ್ಟಿಗೆ ಬಂದರು. ಊರು ಬಿಡದೆ ಇಲ್ಲೇ ಕೆಲಸ ಹುಡುಕಿಕೊಂಡ ಹೆಂಗಸರ ಬಗ್ಗೆ ಒಂದು ಫೋಟೋ ಕಳಿಸಬೇಕೆಂದು ಅವರ ಆಸೆ. ರಜೆಯ ದಿನ, ಅಮ್ಮನಿಗೆ ಬುತ್ತಿ ಕೊಡಲು ನಾನೂ ಅಲ್ಲಿಗೆ ಹೋಗಿದ್ದೆ. ಮೂವರು ಹೆಂಗಸರು ಕಲ್ಲು ತುಂಬಿದ ಟಬ್ಬುಗಳ ಹಿಂದೆ ಸಾಲಾಗಿ ನಿಂತರು. ಎಡಗಡೆ ಬಾಯಿಜೋರಿನ ಒಬ್ಬಾಕೆ, ಅಮ್ಮನ ಗೆಳತಿ. ಎರಡನೆಯವಳು ಅಮ್ಮ. ಮೂರನೆಯವಳು ಬೊಮ್ಮನಹಾಳಿನ ಕಡೆಯಿಂದ ಹೊಸದಾಗಿ ಸೇರಿದ ಹುಡುಗಿ. ಅಮ್ಮ ನೀಲಿಗಟ್ಟಿದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಮಾಮ ಕ್ಯಾಮೆರಾ ಎತ್ತಿದರು, ಇಳಿಸಿದರು, ಮುಗೀತು ಅಂದರು.

“ಇಷ್ಟಕ್ಕಾ ನಾನು ಮುಖ ತೊಳಕೊಂಡು ಬಂದಿದ್ದು?” ಅಂದಳು ಗೆಳತಿ.

ಅಮ್ಮ ನಕ್ಕಳು. ತಲೆ ಹಿಂದಕ್ಕೆ ಚೆಲ್ಲಿ, ಬಾಯಿಗೆ ಸೆರಗು ಅಡ್ಡ ಹಿಡಿಯುವುದನ್ನೂ ಮರೆತು. ಹಾಗೆ ನಗುತ್ತಲೇ ಪ್ಯಾಂಟಿನ ಜೇಬಿನಿಂದ ಒಂದು ಕಲ್ಲು ತೆಗೆದು ಟಬ್ಬಿಗೆ ಎಸೆದಳು. ಕ್ಲಿಕ್.

ಮೂರನೇ ದಿನ ಫೋಟೋ ಬಂತು. ಮಾಮನ ಫೋಟೋಗಳಲ್ಲೇ ಅಷ್ಟು ದೊಡ್ಡದಾಗಿ ಯಾವುದೂ ಬಂದಿರಲಿಲ್ಲ. ಕೆಳಗೆ ತೆಲುಗಿನಲ್ಲಿ ‘ಕಲ್ಲು ಪನಿಲೋ ಮಹಿಳಲು’ ಎಂದಿತ್ತು. ನಾನು ಗಟ್ಟಿಯಾಗಿ ಓದಿ ಹೇಳಿದೆ. ಕಲ್ಲು ಕೆಲಸದಲ್ಲಿ ಮಹಿಳೆಯರು. ಅಮ್ಮನಿಗೆ ಹಿಗ್ಗೋ ಹಿಗ್ಗು. “ಸರಿಯಾಗಿ ಬರದಾನ ನೋಡು ನನ್ನ ತಮ್ಮ” ಅಂದಳು. ಪೇಪರನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿ ತುದಿಯ ಟೀ ಅಂಗಡಿಗೆ ತೋರಿಸಲು ಹೋದಳು. ನಾನೂ ಹಿಂದೆ ಹೋದೆ.

ಟೀ ಅಂಗಡಿಯಾಕೆ ಕಡಪದ ಕಡೆಯವಳು, ಕನ್ನಡ ಒಂದಕ್ಷರ ಬಾರದು. ಆಕೆ ಫೋಟೋ ನೋಡಿದಳು, ಸಾಲು ಓದಿದಳು, ಅಮ್ಮನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, ಯಾವಾಗಿನಿಂದ ಅತ್ತಿಗೆ ಸೇಂದಿ ವ್ಯಾಪಾರ ಎಂದು ತೆಲುಗಿನಲ್ಲಿ ಕೇಳಿದಳು.

ತೆಲುಗಿನಲ್ಲಿ ಕಲ್ಲು ಅಂದರೆ ಸೇಂದಿ. ನಮ್ಮ ಕಲ್ಲಿಗೆ ಅವರು ರಾಯಿ ಅನ್ನುತ್ತಾರೆ. ಇದು ನಮಗೆ ಗೊತ್ತಿರಲಿಲ್ಲವೆಂದಲ್ಲ. ನಾನು ಓದುತ್ತಿದ್ದದ್ದೇ ತೆಲುಗು ಶಾಲೆಯಲ್ಲಿ. ಆದರೆ ನಮ್ಮ ಕಡೆ ಒಂದೇ ಮಾತಿನಲ್ಲಿ ಎರಡೂ ಭಾಷೆ ಇರುತ್ತವೆ, ಯಾವ ಪದ ಯಾವ ಕಡೆಯದು ಎಂದು ಯಾರೂ ನಿಂತು ವಿಚಾರಿಸುವುದಿಲ್ಲ. ಮನೆಯಲ್ಲಿ ಹಗಲೂ ಇರುಳೂ ಕೇಳುತ್ತಿದ್ದ ಕಲ್ಲು ಜೇಬಿನ ಕಲ್ಲೇ ಆದ್ದರಿಂದ ನನ್ನ ಕಿವಿಗೆ ಅದೇ ಬಿತ್ತು, ಅಮ್ಮನ ಕಿವಿಗೂ ಅದೇ. ಈಗ ಟೀ ಅಂಗಡಿಯಾಕೆಯ ಕಣ್ಣಿನಿಂದ ನೋಡಿದರೆ ಫೋಟೋ ಬೇರೆಯೇ ಆಗಿತ್ತು. ಕಪ್ಪು ಬಿಳುಪಿನ ಅಚ್ಚು. ಟಬ್ಬಿನಲ್ಲಿದ್ದ ಕಲ್ಲಿನ ರಾಶಿ ನೊರೆಯ ಹಾಗೆ ಕಾಣುತ್ತಿತ್ತು. ಹಿಂದೆ ಮೂವರು ಹೆಂಗಸರು, ನಡುವಿನವಳು ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾಳೆ.

ಅಮ್ಮ ಮೊದಲು ತಮಾಷೆಯಾಗಿಯೇ ತೆಗೆದುಕೊಂಡಳು. ಸೇಂದಿ ಇಳಿಸಿ ಬದುಕುವವರೇನು ಕೆಟ್ಟವರೇ ಎಂದಳು. ಆದರೆ ಆ ಫೋಟೋ ಮಡಕಶಿರಕ್ಕೂ ಹೋಗಿತ್ತು.

ಅಕ್ಕನಿಗೆ ಮಡಕಶಿರದಿಂದ ಸಂಬಂಧ ಕೂಡಿ ಬಂದಿತ್ತು. ಹುಡುಗ ಟೈಲರ್, ಸ್ವಂತ ಅಂಗಡಿ. ಅಕ್ಕನೂ ಗಾರ್ಮೆಂಟ್ಸ್‌ನಲ್ಲಿ ಓವರ್‌ಲಾಕ್ ಮಿಷಿನ್ನಿನ ಮೇಲೆ ಕೂರುತ್ತಿದ್ದಳು. ಅವರು ಬಂದು ನೋಡಿ, ಒಪ್ಪಿ, ಯುಗಾದಿ ಕಳೆದ ಮೇಲೆ ಹೂ ಮುಡಿಸುವುದೆಂದು ಮಾತಾಗಿತ್ತು. ಫೋಟೋ ಬಂದ ವಾರದಲ್ಲೇ ಎಸ್‌ಟಿಡಿ ಬೂತಿಗೆ ಫೋನು ಬಂತು. ಇನ್ನು ಸ್ವಲ್ಪ ದಿನ ನೋಡೋಣ ಎಂದರಂತೆ. ನಮ್ಮ ಕಡೆ ಈ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ನಡುವೆ ಓಡಾಡಿದ ಸಂಬಂಧಿಕರನ್ನು ಕೇಳಿದಾಗ ಕಾರಣ ಹೊರಬಿತ್ತು: ಗಾರ್ಮೆಂಟ್ಸ್ ಅಂತ ಹೇಳಿದ್ದಿರಿ, ಪೇಪರಿನಲ್ಲಿ ಬೇರೆಯೇ ಬಂದಿದೆ. ಸೇಂದಿಯ ಬಗ್ಗೆ ಅವರಿಗೆ ತಕರಾರಿರಲಿಲ್ಲ, ಸುಳ್ಳು ಹೇಳಿದರೆಂದು ಸಿಟ್ಟು.

ಅಕ್ಕ ಅಳಲಿಲ್ಲ. ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೇ ದಿನ ಊಟದ ತಟ್ಟೆ ಮುಂದಿಟ್ಟುಕೊಂಡು ಅಮ್ಮನನ್ನು ಒಂದೇ ಮಾತು ಕೇಳಿದಳು.

“ನೀನು ಯಾಕ ಅಷ್ಟು ನಗಬೇಕಿತ್ತು?”

ಅಮ್ಮ ಎದ್ದು ಹೋಗಿ ಪೇಪರಿನ ಆ ಹಾಳೆಯನ್ನು ಒಲೆಗೆ ಹಾಕಿದಳು.

ಮಾಮ ಆ ವಾರ ಬೇರೆ ಊರಿನ ಕೆಲಸದ ಮೇಲೆ ಹೋಗಿದ್ದರು. ಬಂದ ದಿನ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಎಲ್ಲವನ್ನೂ ಹೇಳಿದಳು. ಅವರು ಟೀ ಅಂಗಡಿಗೆ ಹೋಗಿ ಹಳೆಯ ಪೇಪರು ಕೇಳಿ ತಂದು, ನಮ್ಮ ಜಗಲಿಯ ಮೇಲೆ ಕೂತು ಆ ಮೂರು ಪದವನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ತಲೆ ಕನ್ನಡದಾಗ ಇತ್ತಕ್ಕಾ. ಕೈ ತೆಲುಗಿನಾಗ ಬರೀತು” ಅಂದರು.

ಅವತ್ತೇ ಬೂತಿನಿಂದ ಅನಂತಪುರಕ್ಕೆ ಫೋನು ಮಾಡಿ, ತಿದ್ದುಪಡಿ ಹಾಕಿರೆಂದು ಕೇಳಿದರು. ಫೋಟೋದ ಕೆಳಗಿನ ಸಾಲಿಗೆಲ್ಲ ತಿದ್ದುಪಡಿ ಹಾಕುವ ಪದ್ಧತಿಯಿಲ್ಲ, ನಾಳೆ ಆ ಪೇಪರಿನಲ್ಲಿ ಬಜ್ಜಿ ಕಟ್ಟುತ್ತಾರೆ, ಯಾರಿಗೆ ನೆನಪಿರುತ್ತದೆ ಎಂದು ಆ ಕಡೆಯಿಂದ ನಕ್ಕರಂತೆ. ಮಾಮ ಬೂತಿನಿಂದ ನೇರ ಸ್ಟುಡಿಯೋಕ್ಕೆ ಹೋಗಿ ಅದೇ ಫೋಟೋದ ಒಂದು ದೊಡ್ಡ ಕಾಪಿ ಹಾಕಿಸಿಕೊಂಡು ಬಂದರು. ನಾಳೆ ಮಡಕಶಿರಕ್ಕೆ ಹೋಗೋಣ, ನೀವೂ ಬರ್ರಿ ಎಂದು ಅಮ್ಮನಿಗೆ ಹೇಳಿದರು.

ಅಮ್ಮ ಒಪ್ಪಲಿಲ್ಲ. ಬೇಡವೆಂದವರ ಬಾಗಿಲಿಗೆ ಹೆಣ್ಣಿನ ತಾಯಿ ತಾನಾಗಿ ಹೋಗುವುದು ಯಾವ ಊರಿನಲ್ಲಾದರೂ ಉಂಟೆ? ಗಂಡನೂ ಊರಲ್ಲಿಲ್ಲ. ಕೊನೆಗೆ ಆಕೆಯನ್ನು ಹೊರಡಿಸಿದವಳು ಅಕ್ಕನೇ. ಬೆಳಿಗ್ಗೆ ಎದ್ದು ಅಮ್ಮನ ಒಳ್ಳೆಯ ಸೀರೆಗೆ ಇಸ್ತ್ರಿ ಹಾಕಿ ಮಡಿಸಿ ಇಟ್ಟಿದ್ದಳು.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಹೊರಟೆವು. ನನ್ನನ್ನೂ ಕರೆದುಕೊಂಡಿದ್ದರು. ಮಾಮ ಫೋಟೋವನ್ನು ಎರಡು ರಟ್ಟಿನ ನಡುವೆ ಇಟ್ಟು, ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದರು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ರಟ್ಟಿನ ಮೇಲೆ ಅಂಗೈ ಒತ್ತುತ್ತಿದ್ದರು. ಅಲ್ಲಿ ಹೋಗಿ ಏನು ಹೇಳ್ತೀಯಪಾ ಎಂದು ಅಮ್ಮ ಮತ್ತೆ ಮತ್ತೆ ಕೇಳಿದಳು.

“ನಾನೇನೂ ಹೇಳಂಗಿಲ್ಲಕ್ಕಾ. ನಾನು ಹೇಳಿದ್ದಕ್ಕಾ ಇಷ್ಟೆಲ್ಲ ಆಗಿದ್ದು.”

ಬೆಟ್ಟದ ಬುಡದಲ್ಲಿ ಅವರ ಮನೆ. ಪಡಸಾಲೆಯಲ್ಲಿ ಎಡದಿಂದ ಬಲಕ್ಕೆ ಹುಡುಗನ ತಾತ, ಹುಡುಗ, ಬಾಗಿಲಿಗೆ ಒರಗಿ ಹುಡುಗನ ತಾಯಿ. ಕುಡಿಯಲು ನೀರು ಕೊಟ್ಟರು, ಕಾಫಿಯ ಮಾತು ಬರಲಿಲ್ಲ. ಅಮ್ಮ ನೆಲ ನೋಡುತ್ತ ಕೂತಳು. ಮಾಮ ತಾನು ಯಾರೆಂದು ಹೇಳಿ, ರಟ್ಟು ಬಿಚ್ಚಿ, ಫೋಟೋವನ್ನು ತಾತನ ಕೈಗೆ ಕೊಟ್ಟರು. ಅದರ ಹಿಂದೆ ಮುಂದೆ ಎಲ್ಲಿಯೂ ಒಂದಕ್ಷರ ಬರೆದಿರಲಿಲ್ಲ. ಇದರಾಗ ಏನು ಕಾಣ್ತೈತೆ, ನೀವಾ ಹೇಳ್ರಿ, ಎಂದಷ್ಟೇ ಅಂದರು.

ತಾತ ಫೋಟೋವನ್ನು ಬೆಳಕಿಗೆ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ ನೋಡಿದರು. ಹೆಣ್ಣುಮಕ್ಕಳು ಅಂದರು. ಪ್ಯಾಂಟು ಅಂದರು. ಅವರ ಬೆರಳು ಟಬ್ಬಿನ ಮೇಲೆ ಬಂದು ನಿಂತಿತು. ಅಮ್ಮನ ಕೈ ಸೆರಗಿನೊಳಗೆ ಸರಿಯಿತು.

“ಕಲ್ಲಲ್ವೇನಪ್ಪ ಇದು?” ಅಂದರು ತಾತ.

ಮೊದಲು ಹುಡುಗನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಹುಡುಗ ತಲೆ ತಗ್ಗಿಸಿ, ಭುಜ ಕುಣಿಸಿ ನಗತೊಡಗಿದ. ತಾತನಿಗೆ ಏನೂ ಅರ್ಥವಾಗಲಿಲ್ಲ. ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಇನ್ನೂ ಗಟ್ಟಿಯಾಗಿ, “ಯಾಕ್ರೋ ನಗ್ತೀರ? ಕಲ್ಲೇ ಕಣ್ರೋ ಇದು, ಬೇಕಾದ್ರೆ ನೋಡ್ರಿ” ಅಂದರು. ಪೇಪರಿನಲ್ಲಿದ್ದ ಅದೇ ಪದ. ಆದರೆ ಈ ಸಲ ಅದು ಎಲ್ಲರ ಕಿವಿಗೂ ಸರಿಯಾಗಿ ಬಿತ್ತು. ಹುಡುಗನ ತಾಯಿ ಕಣ್ಣೊರೆಸಿಕೊಳ್ಳುತ್ತ ಕಾಫಿಗೆ ನೀರಿಡಲು ಒಳಗೆ ಹೋದಳು.

ಅಮ್ಮ ನಕ್ಕಳು. ಅದೇ ನಗು, ತಲೆ ಹಿಂದಕ್ಕೆ ಚೆಲ್ಲಿ, ಫೋಟೋದಲ್ಲಿದ್ದ ಹಾಗೆಯೇ. ನಗದೆ ಇದ್ದವರು ಮಾಮ ಒಬ್ಬರೇ. ಅವರು ಅಮ್ಮನ ಮುಖ ನೋಡುತ್ತಿದ್ದರು. ನೀಲಿ ಚೀಲ ಹೆಗಲಿನಲ್ಲೇ ಇತ್ತು, ಕೈ ಅದರ ಮೇಲಿತ್ತು, ಆದರೆ ಬಿಚ್ಚಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಯಾಕೆ ಫೋಟೋ ತೆಗೆಯಲಿಲ್ಲ ಎಂದು ಕೇಳಿದೆ.

“ಪೇಪರಿಗೆ ಅಲ್ಲದ್ದು ಒಂದು ಇರ್ಲಿ ಬಿಡವ್ವಾ” ಅಂದರು.

ಆ ಮಾತು ನನಗೆ ಆಗ ತಿಳಿಯಲಿಲ್ಲ. ಈಗ ತಿಳಿಯುತ್ತದೆ, ಆದರೂ ತೆಗೆದಿದ್ದರೆ ಅನ್ನಿಸುತ್ತದೆ...

ಫೋಟೋವನ್ನು ತಾತ ವಾಪಸು ಕೊಡಲಿಲ್ಲ. ಬೀಗತಿಯ ಫೋಟೋ ನಮ್ಮ ಮನೆಯಲ್ಲೇ ಇರಲಿ ಎಂದು ಗೋಧಿ ಹಿಟ್ಟಿನ ಅಂಟು ಕಲಸಿಸಿ ಪಡಸಾಲೆಯ ಗೋಡೆಗೆ ಅಂಟಿಸಿದರು. ವೈಶಾಖದಲ್ಲಿ ಅಕ್ಕನ ಮದುವೆಯಾಯಿತು. ಮದುವೆಯ ಫೋಟೋಗಳಲ್ಲಿ ಅಮ್ಮ ಪ್ರಾರ್ಥನೆಗೆ ನಿಂತ ಹಾಗೆ ನಿಂತಿದ್ದಾಳೆ. ಅದನ್ನು ತೆಗೆದವರು ಸ್ಟುಡಿಯೋದವರು, ಮುಗೀತು ಅನ್ನಲು ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ಮಾಮ ಒಂದು ಹೊಸ ಪದ್ಧತಿ ಹಿಡಿದರು. ಫೋಟೋದ ಹಿಂದೆ ಬರೆಯುವ ಸಾಲನ್ನು ಬಸ್ಸಿಗೆ ಕೊಡುವ ಮೊದಲು ಎರಡು ಕಡೆ ಗಟ್ಟಿಯಾಗಿ ಓದುತ್ತಿದ್ದರು. ಮೊದಲು ಟೀ ಅಂಗಡಿಯಾಕೆಯ ಮುಂದೆ, ಆಮೇಲೆ ನಮ್ಮ ಬಾಗಿಲಲ್ಲಿ ಮೊಪೆಡ್ಡು ನಿಲ್ಲಿಸಿ ಅಮ್ಮನ ಮುಂದೆ. ಅಕ್ಕಾ, ಒಂದು ಸಲ ಕೇಳ್ರಿ ಅನ್ನುತ್ತಿದ್ದರು. ಓದು ಬಾರದ ಅಮ್ಮ ಒಲೆಯ ಮುಂದೆ ಕೂತೇ ಕೇಳುತ್ತಿದ್ದಳು. ಸಾಲು ಸರಿಯಿದ್ದರೆ ಹೂಂ. ಇಲ್ಲದಿದ್ದರೆ ಒಂದು ಪ್ರಶ್ನೆ. ಕಚೇರಿಯ ಮುಂದೆ ದೊಡ್ಡವರೊಬ್ಬರು ಗಿಡ ನೆಟ್ಟ ಫೋಟೋಗೆ, ಹೋದ ವರ್ಷ ನೆಟ್ಟಿದ್ದು ಐತೇನು ಎಂದು ಕೇಳಿದಳು. ಮಾಮ ಮರುದಿನ ಹೋಗಿ ಹೋದ ವರ್ಷದ ಗುಂಡಿಯ ಫೋಟೋ ತೆಗೆದರು. ಗುಂಡಿಯಲ್ಲಿ ಒಂದು ನಾಯಿ ಮಲಗಿತ್ತು. ಅದಕ್ಕೆ ಏನು ಬರೆಯಲಿ ಎಂದು ಕೇಳಿದಾಗ, ಏನೂ ಬರೀಬೇಡ, ನಾಯಿ ಐತಲ್ಲ ಅಂದಳು ಅಮ್ಮ. ಅದು ಅಚ್ಚಾಯಿತು. ಗಿಡಕ್ಕೆ ಮುಳ್ಳುಬೇಲಿಯೂ ಬಂತು. ಊರಿನಲ್ಲಿ ಇವತ್ತಿಗೂ ಆ ಒಂದು ಬೇವಿನ ಮರ ಇದೆ.

ಹೀಗೆ ಕೆಲವು ವರ್ಷ. ಪತ್ರಿಕೆಯಲ್ಲಿ ಬಂದ ಮಾಮನ ಫೋಟೋಗಳನ್ನು ನಾನು ಡೈರಿಯಲ್ಲಿ ಗೆರೆ ಎಳೆದು ಎಣಿಸುತ್ತಿದ್ದೆ. ಸಭೆಗೆ ಒಂದು ಕಡೆ, ಬಿಂದಿಗೆ ಸಾಲಿಗೆ ಒಂದು ಕಡೆ, ಬಸ್ಸಿಗೆ ಒಂದು ಕಡೆ. ಆಮೇಲೆ ಗೆರೆಗಳು ಕಡಿಮೆಯಾದವು. ಕ್ಯಾಮೆರಾ ಇರುವ ಫೋನುಗಳು ಬಂದವು. ಸುದ್ದಿ ಬರೆಯುವವರೇ ಫೋಟೋವನ್ನೂ ಕಳಿಸಲಿ ಎಂದು ಪತ್ರಿಕೆಯವರು ಹೇಳಿದರಂತೆ. ಸಂಜೆಯ ಬಸ್ಸಿನ ಡ್ರೈವರ್ ಕೈಗೆ ಕವರು ಕೊಡುವವರು ಯಾರೂ ಇಲ್ಲವಾದರು. ಮಾಮನ ಹೆಂಡತಿ ಮಗಳು ಅಷ್ಟರಲ್ಲಾಗಲೇ ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದ್ದರು.

ನಾನು ಇಂಟರ್, ಅಂದರೆ ಪಿಯುಸಿ, ಎರಡನೇ ವರ್ಷದಲ್ಲಿದ್ದಾಗ ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಟ್ರಂಕು, ಕಂಕುಳಲ್ಲಿ ದಾರದ ಉಂಡೆಗಳು ಬರುವ ರಟ್ಟಿನ ಡಬ್ಬ. ಡಬ್ಬದಲ್ಲಿ ನೆಗೆಟಿವ್‌ಗಳಿದ್ದವು, ನನಗೆ ಗೊತ್ತಿತ್ತು. ಅವರೇ ಎಷ್ಟೋ ವರ್ಷ ಫೋಟೋ ತೆಗೆದಿದ್ದ ಆ ಬೆಂಗಳೂರು ಬಸ್ಸಿಗೆ ಅವರೇ ಹೊರಟಿದ್ದರು. ಅಮ್ಮ ರೊಟ್ಟಿ ಕಟ್ಟಿಕೊಟ್ಟಳು. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ, “ಆಯ್ತಕ್ಕಾ. ಮುಗೀತು” ಅಂದರು.

“ಮುಗೀತು ಅಂದಮ್ಯಾಲೆ ಅಲ್ಲೇನು ನೀನು ಚಾಲೂ ಮಾಡೋದು?” ಅಂದಳು ಅಮ್ಮ.

ಮಾಮನ ಕೈ ತಾನಾಗಿಯೇ ಎದೆಯ ಹತ್ತಿರ ಹೋಯಿತು. ಅಲ್ಲಿ ಕ್ಯಾಮೆರಾ ಇರಲಿಲ್ಲ. ಹಿಂದಿನ ತಿಂಗಳೇ ಕೊಟ್ಟುಬಿಟ್ಟಿದ್ದರಂತೆ. ಆ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅಂಗಿಯ ಗುಂಡಿ ಸರಿ ಮಾಡಿಕೊಂಡರು. ಅಮ್ಮ ನಗುತ್ತಿದ್ದಳು, ಕಣ್ಣು ತುಂಬಿತ್ತು. ಅವರು ಒಂದು ಗಳಿಗೆ ನಿಂತು, ಆ ಮುಖವನ್ನು ಕ್ಯಾಮೆರಾ ಇದ್ದಿದ್ದರೆ ಹೇಗೆ ನೋಡುತ್ತಿದ್ದರೋ ಹಾಗೆಯೇ ನೋಡಿ, ಹೋದರು.

ಬಸ್ ಸ್ಟ್ಯಾಂಡಿಗೆ ನಾನು ಹೋಗಲಿಲ್ಲ. ಅವರು ನಿಂತು ನೋಡುತ್ತಿದ್ದ ಹಾಗೆ ಆ ಬಸ್ಸನ್ನು ಯಾರೂ ನಿಂತು ನೋಡಲಿಲ್ಲ.

ಅಮ್ಮ ಹೋಗಿ ಈಗ ವರ್ಷಗಳಾದವು. ಅಂತಿಮ ಕಾರ್ಯಕ್ಕೆ ಫೋಟೋ ಬೇಕಾದಾಗ ನಮ್ಮಲ್ಲಿದ್ದದ್ದು ರೇಷನ್ ಕಾರ್ಡಿನದು ಮತ್ತು ಮದುವೆಯದು. ಸ್ಟುಡಿಯೋದವರು ರೇಷನ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ತುಂಬಿ ಕೊಟ್ಟರು. ನೋಡಿದವರೆಲ್ಲ, ಇದು ಅವಳ ಹಾಗಿಲ್ಲ ಅಂದರು. ಹೌದು, ಇಲ್ಲ. ಗೋಡೆಯ ಮೇಲಿನ ಫೋಟೋ ನೆನಪಾಗಿ ಅಕ್ಕನನ್ನು ಕೇಳಿದೆ. ತಾತ ತೀರಿಕೊಂಡ ಮೇಲೆ ಮನೆ ಕೆಡವಿ ಹೊಸದು ಕಟ್ಟಿದ್ದರು. ಗೋಡೆಯ ಜೊತೆ ಅದೂ ಹೋಗಿತ್ತು. ಆಗ ಅಮ್ಮ ಇದ್ದಳು, ನಗುತ್ತಲೇ ಇದ್ದಳು, ಕಾಗದದ ಮೇಲಿನ ನಗುವನ್ನು ಉಳಿಸಿಕೊಳ್ಳಬೇಕೆಂದು ಯಾರಿಗೆ ಹೊಳೆಯಬೇಕು...

ಈಗ ನಾನು ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ಹಿಂದೂಪುರದ ಗಾರ್ಮೆಂಟ್ಸ್ ಒಂದರಲ್ಲಿ ಪೀಸುಗಳ ಲೆಕ್ಕ ಬರೆಯುವ ಕೆಲಸ. ಜೊತೆಯವರನ್ನು ವಿಚಾರಿಸಿದ್ದೇನೆ. ಬೆಂಗಳೂರಿನ ಒಂದು ಫ್ಯಾಕ್ಟರಿಯ ಗೇಟಿನ ಹತ್ತಿರ ಗುರುತಿನ ಚೀಟಿಗೆ ಫೋಟೋ ತೆಗೆಯುವ ಒಬ್ಬ ಉದ್ದನೆಯ ವಯಸ್ಸಾದವರನ್ನು ನೋಡಿದ್ದೆವು ಎಂದು ಇಬ್ಬರು ಹೇಳಿದರು. ಇಬ್ಬರು ಹೇಳಿದ ಫ್ಯಾಕ್ಟರಿಗಳೂ ಬೇರೆ ಬೇರೆ. ಎರಡು ಭಾನುವಾರ ಹೋಗಿ ನೋಡಿ ಬಂದೆ. ಅವರಲ್ಲ. ಕೆಳಗಡೆ ಅಕ್ಕ ತಿಂಡಿಗೆ ಕರೆಯುತ್ತಿದ್ದಾಳೆ. ಕಲ್ಲು ಕಿಟಕಿಯ ಮೇಲಿದೆ, ಅದನ್ನು ಅವಳಿಗೆ ಇನ್ನೂ ತೋರಿಸಿಲ್ಲ. ನೀನು ಯಾಕೆ ಅಷ್ಟು ನಗಬೇಕಿತ್ತು ಎಂದು ಕೇಳಿದವಳು ಅವಳು, ಆ ನಗುವಿನ ಫೋಟೋ ಸಿಕ್ಕರೆ ಮೊದಲು ಅವಳ ಕೈಗೇ ಕೊಡಬೇಕು.

ಇದನ್ನು ಓದುವವರಲ್ಲಿ ಯಾರಿಗಾದರೂ ಅವರು ಗೊತ್ತಿದ್ದರೆ, ಅಥವಾ ದಾರದ ಉಂಡೆಯ ಹಳೆಯ ರಟ್ಟಿನ ಡಬ್ಬದಲ್ಲಿ ನೆಗೆಟಿವ್‌ಗಳು ನಿಮ್ಮ ಮನೆಯ ಅಟ್ಟ ಸೇರಿದ್ದರೆ, ದಯವಿಟ್ಟು ಬೆಳಕಿಗೆ ಹಿಡಿದು ನೋಡಿ. ಮೂವರು ಹೆಂಗಸರು, ಮುಂದೆ ಟಬ್ಬುಗಳು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ ಕಾಣುತ್ತದೆ, ಕಲ್ಲು ಕಪ್ಪಗೆ, ಕೂದಲು ಬೆಳ್ಳಗೆ. ಆದರೂ ನಗು ಗೊತ್ತಾಗುತ್ತದೆ. ಎಡದಿಂದ ಎರಡನೆಯವರು ನಮ್ಮಮ್ಮ. ಇದು ಅಚ್ಚಾದ ಈ ಪತ್ರಿಕೆಯ ವಿಳಾಸಕ್ಕೆ ಬರೆದರೆ ನನಗೆ ತಲುಪುತ್ತದೆ. ಮಾಮ, ಇದು ನಿಮ್ಮ ಕಣ್ಣಿಗೇ ಬಿದ್ದರೆ ಉದ್ದ ಕಾಗದ ಬೇಡ. ಒಂದು ಕಾರ್ಡಿನಲ್ಲಿ ‘ಕಲ್ಲು’ ಎಂದಷ್ಟು ಬರೆಯಿರಿ. ತೆಲುಗಿನಲ್ಲಿ ಬರೆದರೂ ಸರಿ, ನಾನು ಸರಿಯಾಗಿ ಓದಿಕೊಳ್ಳುತ್ತೇನೆ.